ಹೊಸ ಗ್ರಂಥಾಲಯದ ನಕ್ಷೆ: ರಸ್ತೆಗೆ ಪೂರ್ತಿ ಗಾಜು, ಮೇಲೆ ಸಮತಟ್ಟು ತಾರಸಿ – ನಮ್ಮ ಮಳೆಗೆ ಇದು ಸರಿಯೇ?

ಪ್ರಶ್ನೆ – ಕೊಡಗಿನ ನಾಪೋಕ್ಲು ಕಡೆಯ ಒಬ್ಬ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊನೆಗೂ ಸ್ವಂತ ಜಾಗ ದೊರೆತಿದೆ. ರಸ್ತೆಯಿಂದ ಹಿಂದಕ್ಕೆ ಏರುತ್ತ ಹೋಗುವ ಇಪ್ಪತ್ತು ಸೆಂಟಿನ ಇಳಿಜಾರು ಅದು, ಮುಖ ಪಶ್ಚಿಮಕ್ಕೆ. ಪ್ರಾಥಮಿಕ ನಕ್ಷೆಯನ್ನು ಓದುಗರ ಸಮಿತಿಯ ಮುಂದಿಟ್ಟು ಲಿಖಿತ ಅಭಿಪ್ರಾಯ ಕೇಳಿದ್ದಾರೆ, ಆ ಸಮಿತಿಯಲ್ಲಿ ನಾನೂ ಒಬ್ಬ.

ನಕ್ಷೆಯ ಪ್ರಕಾರ ಕಟ್ಟಡಕ್ಕೆ ಎರಡು ಅಂತಸ್ತು. ರಸ್ತೆಯ ಕಡೆಗೆ ನೆಲದಿಂದ ಮೇಲಿನವರೆಗೂ ಗಾಜು, ಮೇಲೆ ಸಮತಟ್ಟಾದ ಆರ್‌ಸಿಸಿ ತಾರಸಿ. ಮಧ್ಯದಲ್ಲಿ ಎರಡು ಅಂತಸ್ತಿನ ಎತ್ತರದ ಹಜಾರ, ಅದರ ನೆತ್ತಿಯಲ್ಲಿ ಗಾಜಿನ ಬೆಳಕಿಂಡಿ. ಹಜಾರದಿಂದ ಮೇಲಕ್ಕೆ ಹೋಗುವ ಅಗಲವಾದ ಮೆಟ್ಟಿಲುಗಳಿದ್ದು, ಮೆಟ್ಟಿಲಿನ ಪಕ್ಕದಲ್ಲೇ ಪುಸ್ತಕದ ಕಪಾಟುಗಳಿವೆ. ಚಿತ್ರದಲ್ಲಿ ಅದು ಬಹಳ ಸುಂದರವಾಗಿ ಕಾಣುತ್ತದೆ ಎಂಬುದನ್ನು ಒಪ್ಪುತ್ತೇನೆ, ಮತ್ತು ನಮ್ಮ ಮಕ್ಕಳಿಗೆ ಸುಂದರವಾದ ಕಟ್ಟಡವೇ ಬೇಕು ಎಂಬ ಆಸೆ ನನಗೂ ಇದೆ. ಆದರೆ ಇಷ್ಟು ವರ್ಷ ಬಾಡಿಗೆಯ ಕೋಣೆಯಲ್ಲಿದ್ದ ನಮ್ಮ ಗ್ರಂಥಾಲಯದಲ್ಲಿ ಕಕ್ಕಡ ಮಾಸ (ಜುಲೈ–ಆಗಸ್ಟಿನ ಜಡಿಮಳೆಯ ತಿಂಗಳು) ಬಂತೆಂದರೆ ಗೋಡೆ ಬೆವರುತ್ತಿತ್ತು, ಪುಸ್ತಕದ ರಟ್ಟಿನ ಮೇಲೆ ಹಸಿರು ಬೂಷ್ಟು ಬರುತ್ತಿತ್ತು, ನಾನು ಬಾಲ್ಯದಲ್ಲಿ ಓದಿದ ವಿಶ್ವಕೋಶದ ಸಂಪುಟವೊಂದರ ಪುಟಗಳು ಒಂದಕ್ಕೊಂದು ಅಂಟಿಕೊಂಡು ಕೊನೆಗೆ ಬಿಡಿಸಲಾಗದೆ ಹೋದವು. ಹೊಸ ಕಟ್ಟಡದಲ್ಲಿಯೂ ಅದೇ ಆಗಬಾರದು ಎಂಬುದೊಂದೇ ನನ್ನ ಚಿಂತೆ.

ನಾನು ವೃತ್ತಿಯಿಂದ ಕಾಫಿ ಬೆಳೆಗಾರ, ಕಟ್ಟಡದ ವಿದ್ಯೆ ನನಗೆ ತಿಳಿಯದು. ಗಾಜಿನ ಮುಂಭಾಗವನ್ನು ಒಪ್ಪಬಹುದೇ, ಪುಸ್ತಕಗಳು ಯಾವ ಅಂತಸ್ತಿನಲ್ಲಿರಬೇಕು, ಬೇರೆ ಕಡೆ ಕಟ್ಟಿದ ಗ್ರಂಥಾಲಯಗಳಿಂದ ನಾವು ಏನನ್ನು ತೆಗೆದುಕೊಳ್ಳಬಹುದು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.


ಉತ್ತರ – ವಾಸ್ತುಶಿಲ್ಪಿ, ವಿರಾಜಪೇಟೆ

ಸರ್, ನಮಸ್ಕಾರ. ಈ ನಕ್ಷೆಯ ಬೇರು ಎಲ್ಲಿದೆ ಎಂಬುದು ನಮ್ಮ ವೃತ್ತಿಯವರಿಗೆ ಕೂಡಲೇ ತಿಳಿಯುತ್ತದೆ. ಅಮೆರಿಕದ ಸಿಯಾಟಲ್ ನಗರದಲ್ಲಿ 2004ರಲ್ಲಿ ತೆರೆದ ಕೇಂದ್ರ ಗ್ರಂಥಾಲಯವು ಪೂರ್ತಿಯಾಗಿ ಗಾಜು ಮತ್ತು ಉಕ್ಕಿನ ಬಲೆಯೊಳಗೆ ನಿಂತಿರುವ ಹನ್ನೊಂದು ಅಂತಸ್ತಿನ ಕಟ್ಟಡ. ರೆಮ್ ಕೂಲ್ಹಾಸ್ ಅವರ ಸಂಸ್ಥೆ ರೂಪಿಸಿದ ಅದು ಬಂದ ಮೇಲೆ ಜಗತ್ತಿನ ಎಷ್ಟೋ ಊರುಗಳು ತಮ್ಮ ಗ್ರಂಥಾಲಯಕ್ಕೂ ಗಾಜಿನ ಹೊದಿಕೆ ಬಯಸಿದವು. ಆದರೆ ಚಿತ್ರದಲ್ಲಿ ಕಾಣದ ಸಂಗತಿಗಳು ಅಲ್ಲಿ ಹಲವಿವೆ. ಅಲ್ಲಿನ ಎಷ್ಟೋ ಗಾಜಿನ ಫಲಕಗಳ ಪದರಗಳ ನಡುವೆ ಬಿಸಿಲನ್ನು ತಡೆಯಲು ಲೋಹದ ಜಾಲರಿ ಕೂರಿಸಿದ್ದಾರೆ, ಒಳಗಿನ ಗಾಳಿಯನ್ನು ವರ್ಷವಿಡೀ ಯಂತ್ರಗಳು ಹದದಲ್ಲಿಡುತ್ತವೆ. ಮಳೆಯ ಊರೆಂದು ಹೆಸರಾದ ಸಿಯಾಟಲ್‌ಗೆ ವರ್ಷವೊಂದಕ್ಕೆ ಸರಾಸರಿ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು ಮಾತ್ರ. ಮಡಿಕೇರಿಗೆ ಸಾಮಾನ್ಯ ವರ್ಷದಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಬೀಳುತ್ತದೆ, ಅದರಲ್ಲಿಯೂ ಬಹುಪಾಲು ನಾಲ್ಕೇ ತಿಂಗಳಿನಲ್ಲಿ.

ಪುಸ್ತಕ ಮತ್ತು ಗಾಜಿನ ಸಂಬಂಧಕ್ಕೆ ಇನ್ನೂ ನೇರವಾದ ಪಾಠ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 1990ರ ದಶಕದಲ್ಲಿ ಡೊಮಿನಿಕ್ ಪೆರೋ ಅವರು ತೆರೆದಿಟ್ಟ ಪುಸ್ತಕದ ಆಕಾರದ ನಾಲ್ಕು ಗಾಜಿನ ಗೋಪುರಗಳನ್ನು ಕಟ್ಟಿ ಪುಸ್ತಕಗಳನ್ನು ಆ ಗೋಪುರಗಳಲ್ಲಿಯೂ ಓದುಗರನ್ನು ಕೆಳಗೆ ತೋಟದ ಸುತ್ತಲೂ ಇರಿಸಿದರು. ಬಿಸಿಲಿನಿಂದ ಪುಸ್ತಕಗಳನ್ನು ಕಾಪಾಡಲು ಆ ಗಾಜಿನ ಹಿಂದೆ ಮರದ ಹಲಗೆಗಳ ಪರದೆ ನಿಲ್ಲಿಸಬೇಕಾಯಿತು. ಬೆಳಕು ಬೇಕಾದ ಮನುಷ್ಯರು ಕೆಳಗೆ, ನೆರಳು ಬೇಕಾದ ಪುಸ್ತಕಗಳು ಮೇಲೆ ಗಾಜಿನೊಳಗೆ.

ಇದಕ್ಕೆ ತಿರುಗುಮುರುಗಾದ ವಿಚಾರವನ್ನು ಲೂಯಿ ಕಾನ್ ಅವರು ಅಮೆರಿಕದ ಎಕ್ಸೆಟರ್ ಶಾಲೆಯ ಗ್ರಂಥಾಲಯದಲ್ಲಿ ಮಾಡಿ ತೋರಿಸಿದರು. ಅದು 1972ರ ಹೊತ್ತಿಗೆ ಪೂರ್ಣವಾಯಿತು. ಪುಸ್ತಕದ ಕಪಾಟುಗಳು ಕಟ್ಟಡದ ಒಳಪದರದಲ್ಲಿ ನೆರಳಿನಲ್ಲಿವೆ. ಹೊರಗೋಡೆಯ ಉದ್ದಕ್ಕೂ ಒಬ್ಬೊಬ್ಬರೇ ಕೂರುವ ಮರದ ಓದುಮೇಜುಗಳಿದ್ದು, ಪ್ರತಿಯೊಂದಕ್ಕೂ ಪುಟ್ಟ ಕಿಟಕಿಯಿದೆ, ಅದನ್ನು ಮುಚ್ಚಲು ಮರದ ಕದವೂ ಇದೆ. ಓದುಗನು ಪುಸ್ತಕವನ್ನು ನೆರಳಿನಿಂದ ತೆಗೆದುಕೊಂಡು ಬೆಳಕಿನ ಕಡೆಗೆ ನಡೆದು ಬರುತ್ತಾನೆ. ಇದನ್ನು ಮೊದಲ ಬಾರಿಗೆ ಓದಿದಾಗ ನನಗೆ ನೆನಪಾದದ್ದು ಒಂದು ಕುಲದವರೆಲ್ಲರ ಮೂಲಮನೆಯಾದ ನಮ್ಮ ಐನ್‌ಮನೆ. ಬೆಲೆಬಾಳುವುದೆಲ್ಲ ಒಳಕೋಣೆಯಲ್ಲಿ, ಮಾತುಕತೆಯೂ ಬೆಳಕೂ ಕೈಯಾಲೆಯಲ್ಲಿ (ಮುಂಜಗಲಿಯಲ್ಲಿ), ಎರಡು ಕಂಬಗಳ ನಡುವೆ ಕೂರಲು ಅಗಲವಾದ ಆಯಿಮರ. ಓದಲು ಅದಕ್ಕಿಂತ ಒಳ್ಳೆಯ ಪೀಠವನ್ನು ನಾನು ಇದುವರೆಗೆ ಕಂಡಿಲ್ಲ.

ನೆತ್ತಿಯ ಬೆಳಕಿಂಡಿಯ ವಿಷಯದಲ್ಲಿ ಮಾತ್ರ ತುಂಬ ಎಚ್ಚರ ವಹಿಸಬೇಕು. ಅಲ್ವರ್ ಆಲ್ಟೊ ಅವರು ವೀಪುರಿ ಪಟ್ಟಣದಲ್ಲಿ 1935ರಲ್ಲಿ ಮುಗಿಸಿದ ಗ್ರಂಥಾಲಯದ ಓದುವ ಹಜಾರದ ಚಾವಣಿಯಲ್ಲಿ ದುಂಡನೆಯ ಆಳವಾದ ಬೆಳಕಿಂಡಿಗಳ ಸಾಲುಗಳಿವೆ. ಆ ಊರು ಆಗ ಫಿನ್‌ಲೆಂಡಿನಲ್ಲಿತ್ತು, ಈಗ ರಷ್ಯಾದಲ್ಲಿದೆ. ಅಷ್ಟು ಉತ್ತರದಲ್ಲಿ ಸೂರ್ಯನು ನಡುಬೇಸಿಗೆಯ ಮಧ್ಯಾಹ್ನದಲ್ಲಿಯೂ ನೆತ್ತಿಗೆ ಬರುವುದಿಲ್ಲವಾದ್ದರಿಂದ, ಕಿರಣವು ಕಿಂಡಿಯ ಒಳಗೋಡೆಗೆ ಬಡಿದು ಚದುರಿ ಮೃದುವಾದ ಬೆಳಕಾಗಿ ಇಳಿಯುತ್ತದೆ. ಪುಟದ ಮೇಲೆ ಓದುವವನ ಕೈಯ ನೆರಳು ಕೂಡ ಬೀಳುವುದಿಲ್ಲ. ಅದನ್ನೇ ಇಲ್ಲಿಗೆ ತಂದರೆ ಕೆಲಸಕ್ಕೆ ಬಾರದು. ಕೊಡಗು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ಸೂರ್ಯನು ನಮ್ಮ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆಗಸ್ಟಿನಲ್ಲಿ ಮೋಡ ಕಾಪಾಡೀತು, ಏಪ್ರಿಲಿನಲ್ಲಿ ಬಿಸಿಲು ನೇರವಾಗಿ ಮೇಜಿನ ಮೇಲೆ ಸುರಿಯುತ್ತದೆ. ಅಲ್ಲದೆ ಮಳೆಗಾಲದಲ್ಲಿ ಕಟ್ಟಡವೊಂದು ಮೊದಲು ಸೋರುವುದು ನೆತ್ತಿಯ ಗಾಜಿನ ಕೀಲುಗಳಲ್ಲಿಯೇ. ಆದ್ದರಿಂದ ನೆತ್ತಿಯ ಕಿಂಡಿಯ ಬದಲು, ಮಾಡಿನ (ಚಾವಣಿಯ) ಒಂದು ಪಾರ್ಶ್ವವನ್ನು ಎತ್ತರಿಸಿ ಉತ್ತರಕ್ಕೆ ಮುಖಮಾಡಿದ ನೆಟ್ಟಗಿನ ಕಿಟಕಿಗಳ ಸಾಲನ್ನು ಕೇಳಿ. ಪಶ್ಚಿಮದ ಗಾಜನ್ನು ಬಿಟ್ಟು ಅಲ್ಲಿ ಎಂಟು ಅಡಿ ಅಗಲದ ಜಗಲಿಯನ್ನು ಕೇಳಿ.


ಉತ್ತರ – ನಿವೃತ್ತ ಸಿವಿಲ್ ಎಂಜಿನಿಯರ್, ಕುಶಾಲನಗರ

ಬೆಳಕಿನ ಬಗ್ಗೆ ಮೇಲಿನವರು ಹೇಳಿದ್ದನ್ನು ನಾನು ಮುಟ್ಟುವುದಿಲ್ಲ. ನನ್ನ ಮಾತು ಭಾರ, ಬರೆ (ಗುಡ್ಡದ ಇಳಿಜಾರು) ಮತ್ತು ಮಾಡಿನದು.

ಮನೆಯೊಂದರ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರವನ್ನು ಲೆಕ್ಕ ಹಿಡಿಯುತ್ತೇವೆ. ಪುಸ್ತಕದ ಕಪಾಟುಗಳು ಸಾಲಾಗಿ ನಿಲ್ಲುವ ಕೋಣೆಗೆ ಭಾರತೀಯ ಮಾನಕ 875ರ ಎರಡನೆಯ ಭಾಗ ಹೇಳುವುದು ಅದರ ಮೂರರಷ್ಟು, ಅಂದರೆ ಸುಮಾರು 600 ಕೆ.ಜಿ.; ಕಪಾಟು 2.2 ಮೀಟರಿಗಿಂತ ಎತ್ತರವಾದರೆ ಅದಕ್ಕಿಂತಲೂ ಹೆಚ್ಚು. ಸಾಮಾನ್ಯ ಸಭಾಭವನದ ನಕ್ಷೆಯನ್ನೇ ಸ್ವಲ್ಪ ತಿದ್ದಿ ಗ್ರಂಥಾಲಯವೆಂದು ಹೆಸರಿಟ್ಟಿದ್ದರೆ ಈ ಲೆಕ್ಕ ತಪ್ಪಿರುವ ಸಾಧ್ಯತೆಯಿದೆ. ಮೇಲಿನ ಅಂತಸ್ತಿನ ಯಾವ ಭಾಗವನ್ನು ಎಷ್ಟು ಭಾರಕ್ಕೆ ಲೆಕ್ಕ ಹಾಕಲಾಗಿದೆ ಎಂಬುದನ್ನು ನಕ್ಷೆಯ ಮೇಲೆಯೇ ಬರೆದು ಕೊಡುವಂತೆ ಕೇಳಿ.

ಇನ್ನು ಇಳಿಜಾರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ನಡೆದ ಭೂಕುಸಿತವನ್ನು ಕಣ್ಣಾರೆ ಕಂಡ ನಮಗೆ, ಬರೆಯನ್ನು ನೆಟ್ಟಗೆ ಕಡಿದು ಆ ಮಣ್ಣನ್ನೇ ಮುಂದೆ ತುಂಬಿಸಿ ಸಮತಟ್ಟು ಮಾಡಿ ಕಟ್ಟುವ ಪದ್ಧತಿ ಎಂಥದ್ದೆಂದು ಬೇರೆ ಹೇಳಬೇಕಾಗಿಲ್ಲ. ಹಿಂದಿನ ಅರ್ಧ ಗಟ್ಟಿ ನೆಲದ ಮೇಲೂ ಮುಂದಿನ ಅರ್ಧ ತುಂಬಿದ ಮಣ್ಣಿನ ಮೇಲೂ ನಿಂತ ಕಟ್ಟಡದಲ್ಲಿ ಮುಂದಿನ ಅರ್ಧ ಕಾಲಕ್ರಮದಲ್ಲಿ ಕೂರುತ್ತದೆ, ನಡುವೆ ಬಿರುಕು ಬಿಡುತ್ತದೆ. ಪುಸ್ತಕದ ಭಾರ ಮುಂದಿನ ಅರ್ಧದ ಮೇಲಿದ್ದರಂತೂ ಇನ್ನೂ ಬೇಗ. ಇಳಿಜಾರನ್ನು ಇದ್ದ ಹಾಗೆಯೇ ಬಿಟ್ಟು ಎರಡು ಹಂತಗಳಲ್ಲಿ ಕಟ್ಟುವುದು ಮೇಲು. ಮೇಲಿನ ಹಂತದ ಹಿಂಭಾಗ ತನ್ನ ಸಹಜ ನೆಲದ ಮೇಲೆಯೇ ಕೂರುತ್ತದೆ. ಪುಸ್ತಕಗಳು ಅಲ್ಲಿರಲಿ, ಓದುವ ಮೇಜುಗಳು ಕಂಬಗಳ ಮೇಲೆ ನಿಂತ ಮುಂದಿನ ಭಾಗದಲ್ಲಿರಲಿ.

ಹಿಂಭಾಗದಲ್ಲಿ ಪುಸ್ತಕ ಎಂದ ಕೂಡಲೇ ತೇವದ ಪ್ರಶ್ನೆ ಬರುತ್ತದೆ, ಏಕೆಂದರೆ ಜುಲೈ ಹೊತ್ತಿಗೆ ನಮ್ಮ ಬರೆಗಳಲ್ಲೆಲ್ಲ ಜಲ ಒಡೆಯುತ್ತದೆ. ಯಾವ ಕಾರಣಕ್ಕೂ ಕಟ್ಟಡದ ಗೋಡೆಯನ್ನೇ ತಡೆಗೋಡೆಯಾಗಿ ಬಳಸಲು ಬಿಡಬೇಡಿ. ತಡೆಗೋಡೆ ಬೇರೆ, ಅದರಲ್ಲಿ ನೀರು ಬಸಿದು ಹೊರಬರಲು ಕೊಳವೆಗಳು, ಅದಕ್ಕೂ ಕಟ್ಟಡಕ್ಕೂ ನಡುವೆ ಒಬ್ಬ ಮನುಷ್ಯ ಇಳಿದು ಕಸ ತೆಗೆಯುವಷ್ಟು ಅಗಲದ, ಕನಿಷ್ಠ ಐದು ಅಡಿಯ ತೆರಪು ಮತ್ತು ಚರಂಡಿ ಇರಬೇಕು. ಹಣ ಉಳಿಸಲೆಂದು ಮೊದಲು ಕೈಬಿಡುವುದು ಇದನ್ನೇ.

ಸಮತಟ್ಟು ತಾರಸಿಯ ಗತಿ ಏನಾಗುತ್ತದೆ ಎಂಬುದನ್ನು ಊರಿನಲ್ಲಿ ಒಂದು ಸುತ್ತು ಹಾಕಿದರೆ ನೋಡಬಹುದು. ಎಲ್ಲ ತಾರಸಿಗಳ ಮೇಲೂ ಎರಡನೆಯ ಮಾಡಾಗಿ ತಗಡಿನ ಶೀಟು ಏರಿದೆ. ಎರಡು ಬಾರಿ ಖರ್ಚು ಮಾಡುವ ಬದಲು ಮೊದಲೇ ಇಳಿಜಾರಿನ ಮಾಡು ಮಾಡಿ, ಸೂರನ್ನು ನಾಲ್ಕು ಅಡಿ ಹೊರಚಾಚಿಸಿ. ಬರಿಯ ತಗಡು ಮಾತ್ರ ಬೇಡ. ಜಡಿಮಳೆಯಲ್ಲಿ ಅದರ ಕೆಳಗೆ ಪಕ್ಕದವರ ಮಾತೂ ಕೇಳಿಸದು. ಹೆಂಚು ಹೊದಿಸಿ ಕೆಳಗೆ ಮರದ ಮುಚ್ಚಿಗೆ ಕೂರಿಸಿದರೆ ಸದ್ದು ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ ಎಂಬುದು ನನ್ನ ಸ್ವಂತ ಮನೆಯ ಅನುಭವ.


ಮರುಪ್ರಶ್ನೆ – ನಾಪೋಕ್ಲು ಕಡೆಯ ಓದುಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಐನ್‌ಮನೆಯ ಪ್ರಸ್ತಾಪ ಬಂದದ್ದರಿಂದ ಒಂದು ವಿಷಯ ಕೇಳುತ್ತೇನೆ. ದಾನಿಗಳಲ್ಲಿ ಒಬ್ಬರು ಕಟ್ಟಡದ ಮುಂಭಾಗವನ್ನು ಐನ್‌ಮನೆಯಂತೆಯೇ, ಕೆತ್ತನೆಯ ಕಂಬ ಮತ್ತು ಬಾಗಿಲುವಾಡದ ಸಹಿತ ಮಾಡಿಸಬೇಕೆಂದು ಬಯಸುತ್ತಾರೆ. ಅವರ ಮನಸ್ಸನ್ನು ನೋಯಿಸಲು ನನಗೆ ಇಷ್ಟವಿಲ್ಲ, ಆದರೆ ಸಾರ್ವಜನಿಕ ಗ್ರಂಥಾಲಯಕ್ಕೆ ಅದು ಹೊಂದುತ್ತದೆಯೇ ಎಂಬ ಅಳುಕಿದೆ.


ಉತ್ತರ – ನಿವೃತ್ತ ಗ್ರಂಥಪಾಲಕಿ, ಸೋಮವಾರಪೇಟೆ

ಮೂವತ್ತು ವರ್ಷ ಪುಸ್ತಕಗಳ ನಡುವೆ ಕೆಲಸ ಮಾಡಿದವಳಾಗಿ, ಕಟ್ಟಡಗಳನ್ನು ಒಳಗಿನಿಂದ ನೋಡಿದ ಕೆಲವು ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ವಿರಾಜಪೇಟೆಯ ಸರ್ ಅವರ ವಿಚಾರವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪುಸ್ತಕಕ್ಕೆ ನೆರಳು ಬೇಕು, ನಿಜ. ಆದರೆ ನಮ್ಮ ಜಿಲ್ಲೆಯಲ್ಲಿ ಪುಸ್ತಕವನ್ನು ಕೊಲ್ಲುವುದು ಬಿಸಿಲಿಗಿಂತ ಹೆಚ್ಚಾಗಿ ನಿಂತ ಗಾಳಿ. ಗಾಳಿಯ ತೇವಾಂಶ ಶೇಕಡಾ 65ನ್ನು ದಾಟಿ ಹಲವು ದಿನ ಅಲ್ಲಿಯೇ ನಿಂತರೆ ಕಾಗದದ ಮೇಲೆ ಬೂಷ್ಟು ಏಳುತ್ತದೆ, ಮತ್ತು ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ತೇವಾಂಶ ಅದಕ್ಕಿಂತ ಬಹಳ ಮೇಲೆಯೇ ಇರುತ್ತದೆ. ಎಕ್ಸೆಟರಿನಂಥ ಕಡೆ ಒಳಪದರದ ಗಾಳಿಯನ್ನು ಯಂತ್ರ ನೋಡಿಕೊಳ್ಳಬಹುದು. ಇಲ್ಲಿ ಒಂದು ಮರ ಬಿದ್ದರೆ ಎರಡು ದಿನ ಕರೆಂಟು ಇರುವುದಿಲ್ಲ. ಕಿಟಕಿಯಿಲ್ಲದ ಒಳಕೋಣೆಯಲ್ಲಿ ಪುಸ್ತಕ ಇಟ್ಟರೆ ಆ ಎರಡು ದಿನಗಳಲ್ಲಿ ಓದುಗರಿಗೆ ಪುಸ್ತಕದ ಹೆಸರೂ ಕಾಣಿಸದು. ಹಳೆಯ ಮನೆಗಳ ಒಳಕೋಣೆಗಳು ಒಣಗಿರುತ್ತಿದ್ದದ್ದು ಅಡುಗೆಮನೆಯ ಒಲೆ ದಿನವಿಡೀ ಉರಿಯುತ್ತಿದ್ದುದರಿಂದ, ಅದರ ಬಿಸಿಯೂ ಹೊಗೆಯೂ ಅಟ್ಟದ ತನಕ ಹೋಗುತ್ತಿದ್ದುದರಿಂದ. ಗ್ರಂಥಾಲಯದಲ್ಲಿ ಒಲೆಯಿಲ್ಲ. ಈಗಲೂ ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆ ಬಟ್ಟೆಯ ಬೀರುವಿನೊಳಗೆ ಬಲ್ಬು ಉರಿಸಿಡುತ್ತೇವಲ್ಲ, ಪುಸ್ತಕದ ವಿಷಯದಲ್ಲಿಯೂ ಅದೇ ಎಚ್ಚರ ಬೇಕು.

ಆದ್ದರಿಂದ ಕಪಾಟಿನ ಕೋಣೆಗೆ ಎದುರುಬದುರಾಗಿ ಎತ್ತರದಲ್ಲಿ ಗಾಳಿಕಿಂಡಿಗಳಿರಲಿ, ಅವುಗಳಿಗೆ ಎರಚಲು ನುಗ್ಗದಂತೆ ಓರೆಹಲಗೆಗಳಿರಲಿ. ಯಾವ ಕಪಾಟೂ ಹೊರಗೋಡೆಗೆ ಆತುಕೊಳ್ಳದೆ ಒಂದು ಗೇಣಿನಷ್ಟಾದರೂ ಈಚೆ ನಿಲ್ಲಲಿ, ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ, ಕಪಾಟಿನ ಹಿಂಬದಿ ತೆರೆದಿರಲಿ. ತೇವ ಹೀರುವ ಯಂತ್ರಗಳಿಗೆ ಮತ್ತು ಅವುಗಳ ನೀರು ಹೊರಹೋಗುವ ಕೊಳವೆಗೆ ಈಗಲೇ ಜಾಗ ಗುರುತಿಸಿದರೆ ಮುಂದೆ ಗೋಡೆ ಒಡೆಯಬೇಕಾಗುವುದಿಲ್ಲ.

ಎರಡನೆಯದು ಮೆಟ್ಟಿಲಿನ ಪಕ್ಕದ ಕಪಾಟುಗಳು. ಇದನ್ನು ನಾನು ಕಟುವಾಗಿಯೇ ವಿರೋಧಿಸುತ್ತೇನೆ. ನ್ಯೂಯಾರ್ಕಿನ ಹಂಟರ್ಸ್ ಪಾಯಿಂಟ್ ಎಂಬಲ್ಲಿ ಸ್ಟೀವನ್ ಹಾಲ್ ಅವರು ರೂಪಿಸಿದ ಗ್ರಂಥಾಲಯ 2019ರಲ್ಲಿ ತೆರೆದಾಗ ಎಲ್ಲರೂ ಅದರ ಚೆಲುವನ್ನು ಹೊಗಳಿದರು. ಆದರೆ ಕಥಾಸಾಹಿತ್ಯದ ಕಪಾಟುಗಳಿದ್ದ ಮೂರು ಹಂತಗಳಿಗೆ ಮೆಟ್ಟಿಲಿನಿಂದ ಮಾತ್ರ ಹೋಗಬಹುದಿತ್ತು, ಗಾಲಿಕುರ್ಚಿಯವರಿಗೆ ದಾರಿಯೇ ಇರಲಿಲ್ಲ. ಕೆಲವೇ ವಾರಗಳಲ್ಲಿ ಮೊಕದ್ದಮೆ ಬಂತು, ಪುಸ್ತಕಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಮೊಣಕಾಲು ನೋವಿರುವ ನಮ್ಮ ಹಿರಿಯ ಓದುಗರನ್ನು ನೆನೆಯಿರಿ. ಒದ್ದೆ ಚಪ್ಪಲಿಯಲ್ಲಿ ಬರುವ ಮಕ್ಕಳನ್ನೂ ನೆನೆಯಿರಿ. ನಿಮ್ಮದು ಇಳಿಜಾರಿನ ಜಾಗವಾದ್ದರಿಂದ ಎರಡು ಹಂತಗಳಿಗೂ ನೆಲದಿಂದಲೇ ಪ್ರವೇಶ ಕೊಡುವುದು ಸಾಧ್ಯ, ಅದು ಸಮತಟ್ಟಿನ ಊರಿನವರಿಗೆ ಸಿಗದ ಅನುಕೂಲ.

ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆನ್ನುತ್ತದೆ, ಐದನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿ ಎನ್ನುತ್ತದೆ. ಕಟ್ಟಡ ರೂಪಿಸುವವರು ಇವೆರಡನ್ನು ಗೋಡೆಗೆ ಅಂಟಿಸಿಕೊಂಡರೆ ಸಾಕು. ಸಿಯಾಟಲ್‌ನಲ್ಲಿ ನಾನು ಮೆಚ್ಚುವುದು ಗಾಜನ್ನಲ್ಲ. ನಾಲ್ಕು ಅಂತಸ್ತುಗಳ ಉದ್ದಕ್ಕೂ ಸುತ್ತುತ್ತ ಏರುವ ಒಂದೇ ಇಳಿಜಾರಿನ ಮೇಲೆ ಡ್ಯೂಯಿ ವರ್ಗೀಕರಣದ (ವಿಷಯಕ್ಕೊಂದು ಅಂಕಿ ಕೊಡುವ ಪದ್ಧತಿಯ) ಅನುಕ್ರಮದಲ್ಲಿ ಪುಸ್ತಕಗಳನ್ನು ಜೋಡಿಸಿದ್ದಾರೆ, ಒಂದು ವಿಷಯದ ಪುಸ್ತಕಗಳು ಹೆಚ್ಚಾದರೆ ಸಾಲು ಮುಂದಕ್ಕೆ ಸರಿಯುತ್ತದೆಯೇ ಹೊರತು ಒಡೆದು ಇನ್ನೊಂದು ಕೋಣೆಗೆ ಹೋಗುವುದಿಲ್ಲ. ಅಷ್ಟು ದೊಡ್ಡದು ನಮಗೆ ಬೇಡ. ಆದರೆ ಇಂದು ಇರುವ ಪುಸ್ತಕಗಳ ಎರಡರಷ್ಟಕ್ಕೆ ಜಾಗ ಎಲ್ಲಿದೆ ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲು ಕೇಳಿ. ಕಪಾಟುಗಳ ನಡುವೆ ಗೋಡೆ ಕಟ್ಟದಿರಲಿ, ಮುಂದೆ ಬೇಕಾದಂತೆ ಸರಿಸಬಹುದು.

ಸದ್ದಿನ ವಿಷಯದಲ್ಲಿ ಎರಡು ಅಂತಸ್ತಿನ ಎತ್ತರದ ಹಜಾರ ನನಗೆ ಭಯ ಹುಟ್ಟಿಸುತ್ತದೆ. ಬೆಳಿಗ್ಗೆ ಪತ್ರಿಕೆ ಓದಲು ಬರುವ ಹಿರಿಯರು ನಾಲ್ಕು ಮಾತಾಡಿಯೇ ಆಡುತ್ತಾರೆ, ಆಡಲಿ. ಸಂಜೆ ಮಕ್ಕಳು ಬರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬೆಳಗಿನಿಂದ ರಾತ್ರಿಯವರೆಗೆ ಅಲ್ಲಾಡದೆ ಕೂರುತ್ತಾರೆ. ಹೆಲ್ಸಿಂಕಿಯಲ್ಲಿ 2018ರ ಡಿಸೆಂಬರಿನಲ್ಲಿ ತೆರೆದ ಊಡಿ ಗ್ರಂಥಾಲಯದಲ್ಲಿ ಇದಕ್ಕೆ ಸರಳ ಉತ್ತರವಿದೆ. ಜನರ ಓಡಾಟ ನೆಲಮಹಡಿಯಲ್ಲಿ, ಹೊಲಿಗೆ ಯಂತ್ರ ಮುಂತಾದ ಕೈಕೆಲಸದ ಕೋಣೆಗಳು ನಡುವಿನ ಅಂತಸ್ತಿನಲ್ಲಿ, ಪುಸ್ತಕ ಮತ್ತು ಓದು ಮೇಲೆ. ನಿಮ್ಮ ಎರಡು ಹಂತಗಳಲ್ಲಿ ಕೆಳಗಿನದು ಮಾತಿಗೆ, ಮೇಲಿನದು ಓದಿಗೆ ಎಂದು ವಿಂಗಡಿಸಿ, ನಡುವೆ ಬಾಗಿಲು ಇಡಿ.

ಐನ್‌ಮನೆಯ ಮುಂಭಾಗದ ಬಗ್ಗೆ: ಐನ್‌ಮನೆ ಒಂದು ಒಕ್ಕದ (ಕುಲದ) ಮನೆ. ಅದರ ಬಾಗಿಲುವಾಡಕ್ಕೆ ಆ ಒಕ್ಕದ ಹಿರಿಯರ ನೆನಪು ಅಂಟಿಕೊಂಡಿದೆ. ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡವರೂ ಅರೆಭಾಷೆ ಗೌಡರೂ ಮಾಪಿಳ್ಳೆಗಳೂ ಯರವರೂ ಜೇನುಕುರುಬರೂ ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳೂ ತಮ್ಮದೆಂದು ನಡೆದು ಬರಬೇಕು. ಜಗಲಿಯ ಅಗಲ, ಸೂರಿನ ಚಾಚು, ಆಯಿಮರದಂಥ ಪೀಠ, ಇವು ಹವೆಗೆ ಸೇರಿದವು, ಯಾರು ಬೇಕಾದರೂ ಬಳಸಬಹುದು. ಕೆತ್ತನೆಯನ್ನು ಅದರ ಮನೆಯಲ್ಲಿಯೇ ಬಿಡೋಣ. ದಾನಿಗಳಿಗೆ ಓದುಗರು ಕೂರುವ ಮರದ ಪೀಠಗಳನ್ನೆಲ್ಲ ಮಾಡಿಸಿಕೊಡಿ ಎಂದು ಕೇಳಿದರೆ ಅವರು ಸಂತೋಷದಿಂದ ಒಪ್ಪಬಹುದು.


ಉತ್ತರ – ವಾಸ್ತುಶಿಲ್ಪಿ, ವಿರಾಜಪೇಟೆ

ಮೇಡಂ, ನಿಂತ ಗಾಳಿಯ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಒಲೆಯ ಬಿಸಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಾಗಾದರೆ ಕಪಾಟುಗಳ ಭಾಗವನ್ನು ಮುಚ್ಚಿದ ಒಳಕೋಣೆಯಾಗಿ ಮಾಡದೆ, ನಾನು ಹೇಳಿದ ಉತ್ತರದ ಎತ್ತರದ ಕಿಟಕಿಗಳ ಕೆಳಗೆಯೇ ತರಬೇಕು. ಕಪಾಟಿಗೆ 200 ಲಕ್ಸ್ (ಬೆಳಕಿನ ಅಳತೆ), ಓದುವ ಮೇಜಿಗೆ 500 ಲಕ್ಸ್ ಬೆಳಕು ಬೇಕೆಂದು ಯುರೋಪಿನ ಮಾನಕ ಹೇಳುತ್ತದೆ. ಮೋಡ ಕವಿದ ದಿನದಲ್ಲಿಯೂ ಉತ್ತರದ ಕಿಟಕಿಯಿಂದ ಕಪಾಟಿಗೆ ಬೇಕಾದಷ್ಟು ಸಿಕ್ಕೀತು, ಮೇಜಿಗೆ ದೀಪ ಬೇಕೇ ಬೇಕು. ಕಿಟಕಿಯ ಮೇಲ್ಭಾಗ ತೆರೆಯುವಂತಿದ್ದರೆ ಬಿಸಿಗಾಳಿಯೂ ತೇವವೂ ಅಲ್ಲಿಂದಲೇ ಹೊರಹೋಗುತ್ತವೆ.


ಉತ್ತರ – ಶಿಕ್ಷಕಿ, ಸಿದ್ದಾಪುರ

ಒಂದು ಚಿಕ್ಕ ಮಾತು. ನನ್ನ ತರಗತಿಯ ಎಷ್ಟೋ ಮಕ್ಕಳು ತೋಟದ ಲೈನ್ ಮನೆಗಳಿಂದ ಬರುತ್ತಾರೆ. ದೊಡ್ಡ ಕಟ್ಟಡದ ಮುಂದೆ ನಿಂತು, ಒಳಗೆ ಹೋಗಬಹುದೋ ಇಲ್ಲವೋ ಎಂದು ಅನುಮಾನಿಸಿ ತಿರುಗಿ ಹೋದ ಮಗುವನ್ನು ನಾನು ನೋಡಿದ್ದೇನೆ. ಗಾಜು ಬೇಡ ಎನ್ನುವಾಗ, ಒಳಗೆ ಜನ ಕೂತು ಓದುತ್ತಿರುವುದು ರಸ್ತೆಯಿಂದ ಕಾಣುವಷ್ಟು ಕಿಟಕಿಯನ್ನಾದರೂ ಜಗಲಿಯ ಹಿಂದೆ ಉಳಿಸಿಕೊಳ್ಳಿ. ಸಂಜೆ ದೀಪ ಹೊತ್ತಿದಾಗ ಅದೇ ಕರೆಯೋಲೆ. ಆ ಜಗಲಿಯಲ್ಲಿ ಬಸ್ಸಿಗೆ ಕಾಯುವ ಮಕ್ಕಳು ಕೂರಲು ಅವಕಾಶವಿರಲಿ, ಕೊಡೆಗಳ ನೀರು ಸೋರಿ ಹೋಗುವ ಒಂದು ಮೂಲೆಯಿರಲಿ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದಲೇ ದಾರಿಯಿರಲಿ.


ಮರುಬರಹ – ನಾಪೋಕ್ಲು ಕಡೆಯ ಓದುಗ

ನೀವೆಲ್ಲರೂ ಬರೆದದ್ದನ್ನು ಮುದ್ರಿಸಿಕೊಂಡು ಸಮಿತಿಯಲ್ಲಿ ಓದಿದೆ. ಪಶ್ಚಿಮದ ಗಾಜಿನ ಬದಲು ಜಗಲಿ ಮತ್ತು ಅದರ ಹಿಂದೆ ಕಿಟಕಿಗಳು, ಉತ್ತರಕ್ಕೆ ಎತ್ತರದ ಬೆಳಕು, ಹೆಂಚಿನ ಮಾಡು, ಇಳಿಜಾರಿಗೆ ತಕ್ಕಂತೆ ಎರಡು ಹಂತ, ಎರಡಕ್ಕೂ ನೆಲದಿಂದಲೇ ಪ್ರವೇಶ, ಹಿಂದೆ ಪ್ರತ್ಯೇಕ ತಡೆಗೋಡೆ ಎಂದು ಬರೆದುಕೊಟ್ಟಿದ್ದೇವೆ. ದಾನಿಗಳು ಪೀಠಗಳನ್ನು ಮಾಡಿಸಿಕೊಡಲು ಒಪ್ಪಿ, ತಮ್ಮ ತೋಟದ ಹಲಸಿನ ಮರವನ್ನೇ ಕೊಡುತ್ತೇನೆ ಎಂದಿದ್ದಾರೆ. ನಕ್ಷೆ ಮಾಡಿದವರು ಬೇಸರಪಡದೆ, ಮತ್ತೊಮ್ಮೆ ಜಾಗ ನೋಡಲು ಬರುತ್ತೇವೆ ಎಂದು ತಿಳಿಸಿದ್ದಾರೆ. ಯಾವಾಗ ಕರೆಯುವುದು ಒಳ್ಳೆಯದು?


ಉತ್ತರ – ನಿವೃತ್ತ ಸಿವಿಲ್ ಎಂಜಿನಿಯರ್, ಕುಶಾಲನಗರ

ಕಕ್ಕಡದಲ್ಲಿ ಕರೆಯಿರಿ, ಮಳೆ ಬಿಡದೆ ಹೊಯ್ಯುತ್ತಿರುವಾಗ. ಅವರು ಬರುವ ಮೊದಲು ನೀವೇ ಒಂದು ವಾರ ದಿನವೂ ಹೋಗಿ, ಮೇಲಿನಿಂದ ನೀರು ಎಲ್ಲಿ ಹರಿದು ಬರುತ್ತದೆ, ಬರೆಯಲ್ಲಿ ಜಲ ಎಲ್ಲಿ ಒಡೆಯುತ್ತದೆ ಎಂದು ನೋಡಿ, ಅಲ್ಲಲ್ಲಿ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿಡಿ. ಅವರು ನಕ್ಷೆಯನ್ನು ಆ ಗೂಟಗಳ ಮೇಲೆ ಹಾಸಿ ನೋಡಲಿ.